ಚಿತ್ರ ಚೆನ್ನ, ರಸೀದಿಯ ಹಿಂಬದಿ ಓದಿ ಸಹಿ ಮಾಡಿ
ತಂಗಿಯ ಮದುವೆಗೆ ನಮ್ಮೂರಿನ ಸ್ಟುಡಿಯೊ ಒಂದು ತೆಗೆದುಕೊಟ್ಟ ಚಿತ್ರಗಳಲ್ಲಿ ಕೊರತೆ ಹುಡುಕಿದರೂ ಸಿಗದು; ಧಾರೆಯ ನೀರು ಬೆರಳ ಸಂದಿನಿಂದ ಜಾರುವ ಒಂದು ಚಿತ್ರವಂತೂ ಅಪರೂಪದ್ದು. ಅದೇ ಚಿತ್ರ ನಮ್ಮನ್ನು ಕೇಳದೆಯೇ ಅವರ ಅಂಗಡಿಯ ಫ್ಲೆಕ್ಸ್ ಮೇಲೇರಿದ್ದನ್ನು ಕಂಡು ವಿಚಾರಿಸಿದಾಗ, ತೆಗೆದವರು ತಾವಾದ್ದರಿಂದ ಹಕ್ಕೂ ತಮ್ಮದೇ ಎಂಬ ಉತ್ತರ ಬಂತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ ತೆಗೆಸಿದವರದು. ಆದರೆ ಮುಂಗಡದ ರಸೀದಿಯ ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದೇ ಓದಬೇಕಾದ ಅಕ್ಷರಗಳಲ್ಲಿ, ಹಕ್ಕೆಲ್ಲ ಸ್ಟುಡಿಯೊದ್ದೆಂಬ ಷರತ್ತಿತ್ತು. ಅದರ ಕೆಳಗೆ ನನ್ನದೇ ಸಹಿ! ಕೈಚಳಕಕ್ಕೆ ಐದರಲ್ಲಿ ನಾಲ್ಕು ಅಂಕ, ವ್ಯವಹಾರಕ್ಕೆ ಎರಡು. ಆ ಎರಡೂ ಮೂರನೆಯ ದಿನಕ್ಕೆ ಫ್ಲೆಕ್ಸ್ ಇಳಿಸಿದ್ದಕ್ಕೆ.