ಮಗುವಿನ ಹಲ್ಲಿನ ಚಿಕಿತ್ಸೆಗೆ ಮಂಪರು ಔಷಧ ಕೊಡಿಸುವ ಮುನ್ನ

ನಾಲ್ಕು ವರ್ಷದ ನಮ್ಮ ಮಗನ ಹಾಲುಹಲ್ಲುಗಳಲ್ಲಿ ನಾಲ್ಕು ಹುಳುಕಾಗಿ, ನೋವಿನಿಂದ ರಾತ್ರಿಯೆಲ್ಲ ಅಳತೊಡಗಿದಾಗ ಮಂಡ್ಯದಿಂದ ಮೈಸೂರಿನ ಒಂದು ಖಾಸಗಿ ದಂತ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆವು. ಕುರ್ಚಿಯಲ್ಲಿ ಕೂರಿಸಿದರೆ ಬಾಯಿಯನ್ನೇ ತೆರೆಯದ ಮಗುವಿಗೆ ಮಂಪರು ಬರುವ ಔಷಧ ಕುಡಿಸಿ ಚಿಕಿತ್ಸೆ ಮಾಡಬಹುದೆಂದು ವೈದ್ಯರು ಹೇಳಿದರು. ಪದೇ ಪದೇ ರಜೆ ಹಾಕಲಾಗದು, ನಾಲ್ಕನ್ನೂ ಒಂದೇ ದಿನ ಮುಗಿಸಿಕೊಡಿ ಎಂದು ಒತ್ತಾಯಿಸಿದವನು ನಾನೇ.

ಮಗುವಿನ ತೂಕವೆಷ್ಟು ಎಂದು ಸಹಾಯಕಿ ಕೇಳಿದಾಗ ಅಂದಾಜಿನ ಮೇಲೆ 16 ಕೆಜಿ ಎಂದೆ. ತೂಕದ ಯಂತ್ರ ಅಲ್ಲೇ ಮೂಲೆಯಲ್ಲಿತ್ತು. ಅದರ ಮೇಲೆ ಯಾರೂ ಮಗುವನ್ನು ನಿಲ್ಲಿಸಲಿಲ್ಲ. ಅವನ ನಿಜವಾದ ತೂಕ 13 ಕೆಜಿ ಎಂದು ತಿಳಿದದ್ದು ಅದೇ ಸಂಜೆ, ಬೇರೊಂದು ಆಸ್ಪತ್ರೆಯಲ್ಲಿ. ಮಿಡಜೋಲಮ್ ಎಂಬ ಈ ಔಷಧವನ್ನು ಕೆಜಿಗೆ 0.5 ಮಿಲಿಗ್ರಾಂನಂತೆ ಕೊಡುವುದಾದರೆ 13 ಕೆಜಿಯ ಮಗುವಿಗೆ ಬೇಕಾದದ್ದು 6.5 ಮಿಲಿಗ್ರಾಂ, 16 ಕೆಜಿಯ ಲೆಕ್ಕದಲ್ಲಿ 8 ಮಿಲಿಗ್ರಾಂ. ಸಾಲದ್ದಕ್ಕೆ ಔಷಧ ಕಹಿಯೆಂದು ಮಗು ಒಂದಷ್ಟನ್ನು ಉಗಿದಾಗ, ನುಂಗಿದ್ದೆಷ್ಟು ಉಗಿದದ್ದೆಷ್ಟು ಎಂದು ತಿಳಿಯದೆಯೇ ಇನ್ನೊಂದಷ್ಟು ಕುಡಿಸಿದರು. ಜೋಮು ಹಿಡಿಸುವ ಚುಚ್ಚುಮದ್ದಿಗೂ ತೂಕಕ್ಕೆ ತಕ್ಕ ಮಿತಿಯುಂಟು ಎಂಬುದಾಗಲಿ, ಎರಡೂ ಕೂಡಿದರೆ ಮಂಪರು ಇನ್ನಷ್ಟು ಗಾಢವಾಗಬಹುದು ಎಂಬುದಾಗಲಿ ನನಗೆ ಆಗ ತಿಳಿದಿರಲಿಲ್ಲ.

ಬೆಳಿಗ್ಗೆ ಏನು ತಿಂದಿದ್ದಾನೆ ಎಂದೂ ಯಾರೂ ಕೇಳಲಿಲ್ಲ. ಎರಡು ಗಂಟೆಗೆ ಮುಂಚೆಯಷ್ಟೇ ಅವನ ಅಜ್ಜಿ ಒಂದು ಲೋಟ ಹಾಲು ಕುಡಿಸಿದ್ದರು. ಇಂಥ ಔಷಧಕ್ಕೆ ಮುಂಚೆ ನೀರಿಗೆ 2 ಗಂಟೆ, ಹಸುವಿನ ಹಾಲು ಮತ್ತು ಹಗುರವಾದ ತಿಂಡಿಗೆ 6 ಗಂಟೆ ಬಿಡುವಿರಬೇಕು; ಇಲ್ಲವಾದರೆ ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಟಾನ್ಸಿಲ್ ದೊಡ್ಡದಿದೆಯೇ ಎಂಬ ಪ್ರಶ್ನೆಯೂ ಬರಲಿಲ್ಲ. ನಮ್ಮವನಿಗೆ ಎರಡೂ ಇವೆ.

ಚಿಕಿತ್ಸೆ ಮುಗಿಯುವವರೆಗೂ ಅವನ ಬೆರಳಿಗೆ ಆಕ್ಸಿಮೀಟರ್ ಹಾಕಿರಲಿಲ್ಲ. ಮುಗಿದ ಹತ್ತೇ ನಿಮಿಷಕ್ಕೆ, ಕಣ್ಣು ಬಿಡದ ಮಗುವನ್ನು ನನ್ನ ಹೆಗಲಿಗೆ ಹಾಕಿ, ಮನೆಯಲ್ಲಿ ಮಲಗಿಸಿ, ಸರಿಹೋಗುತ್ತಾನೆ ಎಂದು ಕಳುಹಿಸಿಕೊಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ತೊಡೆಯ ಮೇಲೆ ಕುಳಿತಂತೆಯೇ ಅವನು ನಿದ್ದೆಹೋದ. ಶ್ರೀರಂಗಪಟ್ಟಣ ಸಮೀಪಿಸುತ್ತಿದ್ದಂತೆ ಅವಳು ಕೂಗಿಕೊಂಡಳು: ಗಲ್ಲ ಎದೆಗೆ ತಾಗಿ ಕತ್ತು ಮುಂದಕ್ಕೆ ವಾಲಿತ್ತು, ತುಟಿ ನೀಲಿಗಟ್ಟಿತ್ತು. ಹತ್ತಿರದ ಆಸ್ಪತ್ರೆಗೆ ಓಡಿದೆವು. ಅಲ್ಲಿ ಆಮ್ಲಜನಕದ ಮಟ್ಟ 88 ತೋರಿಸಿತು. ಆರೋಗ್ಯವಂತ ಮಗುವಿನಲ್ಲಿ ಅದು 95ಕ್ಕಿಂತ ಕೆಳಗಿರಬಾರದು. ಗಲ್ಲವನ್ನು ಮೇಲೆತ್ತಿ ಹಿಡಿದು ಆಮ್ಲಜನಕ ಕೊಟ್ಟ ಮೇಲೆ ತುಟಿಯ ಬಣ್ಣ ಮರಳಿತು. ಕೊಟ್ಟ ಔಷಧ ಯಾವುದೆಂದು ಅಲ್ಲಿನ ವೈದ್ಯರು ನಮ್ಮನ್ನು ಕೇಳಿದರೆ ನಮ್ಮ ಬಳಿ ಉತ್ತರವಿರಲಿಲ್ಲ. ಅವರೇ ಫೋನ್ ಮಾಡಿ ಕೇಳಿದಾಗ ಹೆಸರು ಸಿಕ್ಕಿತು, ಪ್ರಮಾಣ ಸಿಗಲಿಲ್ಲ. ಮಿಡಜೋಲಮ್‌ನ ಪರಿಣಾಮವನ್ನು ತಗ್ಗಿಸಲು ಫ್ಲುಮಜೆನಿಲ್ ಎಂಬ ಔಷಧವಿದೆಯಾದರೂ ಅದರ ಅಗತ್ಯ ಬೀಳಲಿಲ್ಲ. ರಾತ್ರಿ ಎಂಟರವರೆಗೆ ನಿಗಾದಲ್ಲಿಟ್ಟುಕೊಂಡು ಮನೆಗೆ ಕಳುಹಿಸಿದರು.

ಈ ಚಿಕಿತ್ಸಾ ಕ್ರಮವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕರೆದರೆ ಅಥವಾ ಮೆಲ್ಲಗೆ ಮುಟ್ಟಿದರೆ ಓಗೊಡುವಷ್ಟು ಎಚ್ಚರ ಮಗುವಿಗಿರಬೇಕು, ಅದಷ್ಟೇ ಇದರ ಉದ್ದೇಶ. ಕರೆದರೂ ಏಳದ ಮಗು ಆ ಹಂತವನ್ನು ದಾಟಿ ಹೋಗಿರುತ್ತದೆ. ಒಂದು ಹಲ್ಲಿನ ಕೆಲಸ ಬಾಕಿಯಿದ್ದುದರಿಂದ ಮೂರು ತಿಂಗಳ ನಂತರ ಒಂದು ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿ ಮೊದಲು ತೂಕ ನೋಡಿದರು, ಗೊರಕೆಯ ವಿಷಯ ಕೇಳಿ ಮಕ್ಕಳ ವೈದ್ಯರ ಅಭಿಪ್ರಾಯ ಪಡೆದರು, ಕುಡಿಯುವ ಔಷಧದ ಬದಲು ಮೂಗಿನ ಮೇಲೆ ಸಣ್ಣ ಮಾಸ್ಕ್ ಇಟ್ಟು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣ ಕೊಟ್ಟರು. ಚಿಕಿತ್ಸೆ ಮಾಡುವ ವೈದ್ಯರಲ್ಲದೆ ಆಕ್ಸಿಮೀಟರ್ ನೋಡುವುದಕ್ಕೆಂದೇ ಇನ್ನೊಬ್ಬರು ಪಕ್ಕದಲ್ಲಿ ನಿಂತಿದ್ದರು. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟ ಮೇಲೂ, ಮಗು ತಾನೇ ನಡೆದು ಬಂದು ನೀರು ಕೇಳಿ ಕುಡಿಯುವವರೆಗೆ ನಮ್ಮನ್ನು ಬಿಡಲಿಲ್ಲ.

ಮೊದಲಿನ ಚಿಕಿತ್ಸಾಲಯಕ್ಕೆ ಹೋಗಿ ಅಂದು ಕೊಟ್ಟ ಔಷಧದ ಪ್ರಮಾಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಬಿಲ್ಲಿನ ನಕಲನ್ನಷ್ಟೇ ಕೊಟ್ಟರು; ಅದರಲ್ಲಿ ನಾಲ್ಕು ಹಲ್ಲಿನ ಲೆಕ್ಕವಿತ್ತು, ಔಷಧದ ಹೆಸರಿರಲಿಲ್ಲ.