ಲಡ್ಲೋ: ಸಂತೆ ದಿನ ನೋಡಿಕೊಂಡು ಹೋಗಿ
ಇಂಗ್ಲೆಂಡಿನ ಶ್ರೂಸ್‌ಬರಿಯಿಂದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ, ಸ್ಟೇಷನ್‌ನಿಂದ ಸಣ್ಣ ಏರು ಹತ್ತಿದರೆ ಲಡ್ಲೋ ಪೇಟೆ. ನಾವು ಶುಕ್ರವಾರ ಹೋಗಿದ್ದೆವು, ಕೋಟೆ ಬಾಗಿಲ ಎದುರಲ್ಲೇ ಸಂತೆ. ಚೀಸ್, ಬ್ರೆಡ್ಡು, ಹಳೇ ಪಾತ್ರೆ, ಗಿಡದ ಕುಂಡ, ಎಲ್ಲ ಇತ್ತು. ಚೀಸ್ ಅಂಗಡಿಯಾತ ಚೂರು ಚೂರು ಕೊಟ್ಟು ರುಚಿ ತೋರಿಸಿದ, ಕೊನೆಗೆ ಕೊಳ್ಳದೆ ಬರೋಕೆ ಮನಸ್ಸಾಗಲಿಲ್ಲ.

ಕೋಟೆಗೆ ಟಿಕೆಟ್ ಇದೆ, ಕೊಡಬಹುದು. ಇಂಗ್ಲೆಂಡಿನ ರಾಜ 8ನೇ ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ತೀರಿಕೊಂಡಿದ್ದು ಇಲ್ಲೇ, ಆಗಿನ್ನೂ 15 ವರ್ಷದ ಹುಡುಗ. ಒಳಗಿನ ದುಂಡನೆಯ ಪ್ರಾರ್ಥನಾ ಮಂದಿರಕ್ಕೆ ಈಗ ಸೂರಿಲ್ಲ, ನಿಂತು ಕತ್ತೆತ್ತಿದರೆ ಆಕಾಶ.

ನನಗೆ ಜಾಸ್ತಿ ಹಿಡಿಸಿದ್ದು ಸೇಂಟ್ ಲಾರೆನ್ಸ್ ಚರ್ಚು. ಮಡಚುವ ಮರದ ಆಸನಗಳ ಅಡಿಯಲ್ಲಿ ಕೆತ್ತನೆಗಳಿವೆ, ಬಗ್ಗಿ ನೋಡಬೇಕು. ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಹೆಂಡ ಮಾರುವವಳನ್ನು ದೆವ್ವ ಹೆಗಲ ಮೇಲೆ ಹೊತ್ತು ನರಕಕ್ಕೆ ಒಯ್ಯುತ್ತಿದೆ, ಅವಳ ಕೈಯಲ್ಲಿ ಇನ್ನೂ ಆ ಹೆಂಡದ ಪಾತ್ರೆ! ನಮ್ಮೂರ ಕೆಲವು ಅಂಗಡಿಯವರಿಗೆ ಇದನ್ನು ತೋರಿಸಬೇಕು ಅಲ್ವಾ? ಗೋಪುರಕ್ಕೂ ಹತ್ತಬಹುದು, ಮಂಡಿ ನೋವಿನವರು ಬಿಡಿ.

1619ರ ಫೆದರ್ಸ್ ಕಟ್ಟಡವನ್ನು ಹೊರಗಿಂದ ನೋಡಿ ಫೋಟೋ ತೆಗೆದರೂ ಸಾಕು, ಮರದ ಕೆತ್ತನೆ ಅಷ್ಟು ದಟ್ಟ. ಊಟ ಮಾತ್ರ ಸುಮಾರು. ನಾವು ಹೊಕ್ಕ ಕೆಫೆಯಲ್ಲಿ ಟೀ ಬರುವಷ್ಟರಲ್ಲಿ ತಣ್ಣಗಾಗಿತ್ತು, ಸಸ್ಯಾಹಾರ ಕೇಳಿದ್ದಕ್ಕೆ ಸುಮ್ನೆ ಒಂದು ಸ್ಯಾಂಡ್‌ವಿಚ್. ಸಂತೆಯಲ್ಲೇ ಏನಾದರೂ ಕೊಂಡು, ಡಿನಮ್ ಸೇತುವೆ ಹತ್ತಿರ ಟೀಮ್ ನದಿ ದಡದಲ್ಲಿ ಕೂತು ತಿನ್ನಿ.