ದಿ ಕ್ರೌಡ್ ರೋರ್ಸ್ (1932): ಕತೆಗಲ್ಲ, ಓಟಕ್ಕಾಗಿ ನೋಡಿ

ಚಿಕ್ಕಮಗಳೂರಿನ ಕಾಫಿ ತೋಟಗಳ ತಿರುವಿನಲ್ಲಿ ನಿಂತು ಕಾರ್ ರ್‍ಯಾಲಿ ನೋಡಿದವರನ್ನು ರೇಸಿಂಗ್ ಸಿನಿಮಾ ಒಪ್ಪಿಸುವುದು ಕಷ್ಟ. ಮಣ್ಣಿನಲ್ಲಿ ಹಿಂದಿನ ಚಕ್ರ ಯಾವಾಗ ಜಾರುತ್ತದೆ, ಸ್ಟೇರಿಂಗ್ ಎಷ್ಟು ತಿರುಗಿಸಿದರೆ ಕಾರು ಸಾಲಿಗೆ ಬರುತ್ತದೆ ಎಂಬುದು ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಹೊವಾರ್ಡ್ ಹಾಕ್ಸ್ ನಿರ್ದೇಶನದ ಈ ಹಾಲಿವುಡ್ ಚಿತ್ರ ಆ ಕಣ್ಣಿಗೂ ನಿಲ್ಲುತ್ತದೆ.

ಜೇಮ್ಸ್ ಕ್ಯಾಗ್ನಿಯ ಜೋ ಗ್ರಿಯರ್ ಹೆಸರಾಂತ ರೇಸರ್. ತಮ್ಮ ಎಡ್ಡಿಗೂ ಅದೇ ಹುಚ್ಚು. ಅಣ್ಣತಮ್ಮಂದಿರ ಜಗಳ ಮನೆಯಿಂದ ಟ್ರ್ಯಾಕಿಗೆ ಇಳಿಯುತ್ತದೆ. ಕತೆ ಇಷ್ಟೇ. ಕೋಣೆಯೊಳಗಿನ ಮಾತುಕತೆ ಎಳೆದಂತಿದೆ, ಅದನ್ನು ಸಹಿಸಿಕೊಳ್ಳಬೇಕು.

ಓಟದ ಭಾಗ ಬೇರೆಯೇ ಮಟ್ಟದ್ದು. ಇಲ್ಲಿ ನಿಜವಾದ ಚಾಲಕರಿದ್ದಾರೆ. ಬಿಲ್ಲಿ ಅರ್ನಾಲ್ಡ್ 1930ರ ಇಂಡಿಯಾನಾಪೊಲಿಸ್ ಓಟದ (ಅಮೆರಿಕದ 500 ಮೈಲಿ ಕಾರು ಓಟ) 200 ಸುತ್ತುಗಳಲ್ಲಿ 198ರಲ್ಲಿ ಮುಂದಿದ್ದು ಗೆದ್ದವರು. ಫ್ರೆಡ್ ಫ್ರೇಮ್ ಅದೇ ಓಟವನ್ನು ಗೆದ್ದದ್ದು ಈ ಚಿತ್ರ ತೆರೆಕಂಡ ಮರುತಿಂಗಳು, 1932ರ ಮೇ ಕೊನೆಯಲ್ಲಿ. ಇಂಡಿಯಾನಾಪೊಲಿಸ್ ಕಾರುಗಳಲ್ಲಿ ಇಬ್ಬರು ಕೂತಿರುವುದನ್ನು ಗಮನಿಸಿ. 1930ರ ನಿಯಮದಂತೆ ಪಕ್ಕದಲ್ಲಿ ಮೆಕ್ಯಾನಿಕ್ ಇರಲೇಬೇಕಿತ್ತು. ನಮ್ಮ ರ್‍ಯಾಲಿಯ ಕೋ-ಡ್ರೈವರ್ ದಾರಿಯ ತಿರುವುಗಳ ನೋಟ್ಸ್ ಓದುತ್ತಾನೆ; ಈ ಮೆಕ್ಯಾನಿಕ್ ಆಯಿಲ್ ಪ್ರೆಷರ್ ನೋಡಬೇಕು, ಇಂಧನದ ಒತ್ತಡ ಇಳಿದರೆ ಕೈಪಂಪು ಒತ್ತಬೇಕು, ಟೈರ್ ಸವೆದಿದೆಯೇ, ಹಿಂದೆ ಯಾರು ಬರುತ್ತಿದ್ದಾರೆ ಎಂದು ಹೇಳಬೇಕು. ಸೀಟ್ ಬೆಲ್ಟ್ ಇಲ್ಲ, ತಲೆಗೆ ಬಟ್ಟೆಯದೋ ಚರ್ಮದ್ದೋ ಟೋಪಿ.

ಫ್ರಾಂಕ್ ಮೆಕ್‌ಹ್ಯೂ ಆಡಿದ, ಜೋನ ಗೆಳೆಯನಾದ ರೇಸರ್ ಸ್ಪಡ್ ಅಣ್ಣತಮ್ಮಂದಿರ ನಡುವೆ ಕಾರು ನುಗ್ಗಿಸಿ ಬೆಂಕಿಗೆ ಸಿಕ್ಕುವ ದೃಶ್ಯವೇ ಚಿತ್ರದ ಜೀವ. ಓಟ ನಿಲ್ಲುವುದಿಲ್ಲ. ಉಳಿದವರು ಸುತ್ತು ಹಾಕುತ್ತ ಮತ್ತೆ ಮತ್ತೆ ಆ ಉರಿಯ ಪಕ್ಕದಲ್ಲೇ ಹಾಯಬೇಕು, ವಾಸನೆ ಮೂಗಿಗೆ ಬಡಿಯುತ್ತದೆ. ಇಂದು ಇಂಥ ಅಪಘಾತಕ್ಕೆ ಓಟ ನಿಲ್ಲಿಸುವ ಕೆಂಪು ಬಾವುಟ ಏಕೆ ಬೀಳುತ್ತದೆ ಎಂದು ಹೊಸಬರಿಗೆ ವಿವರಿಸಲು ಇದೊಂದು ದೃಶ್ಯ ಸಾಕು.

ಸೋಲುವುದು ಸ್ಟುಡಿಯೊ ಕ್ಲೋಸಪ್‌ಗಳಲ್ಲಿ. ನಟನ ಹಿಂದೆ ಪರದೆ ಕಟ್ಟಿ, ಮೊದಲೇ ತೆಗೆದ ಟ್ರ್ಯಾಕಿನ ದೃಶ್ಯವನ್ನು ಅದರ ಹಿಂಬದಿಯಿಂದ ಬಿಟ್ಟು ಮತ್ತೆ ಚಿತ್ರಿಸುವ ವಿಧಾನ ಅದು. ಒಮ್ಮೆ ತೆಗೆದದ್ದನ್ನೇ ಮತ್ತೆ ತೆಗೆದಿರುವುದರಿಂದ ಹಿನ್ನೆಲೆ ಮಂಕು. ಟ್ರ್ಯಾಕ್ ಕುಲುಕಿದರೂ ಕಾರು ಕುಲುಕುವುದಿಲ್ಲ, ತಿರುವಿಗೂ ಸ್ಟೇರಿಂಗಿಗೂ ತಾಳೆ ಇರುವುದಿಲ್ಲ. ಆ ಕಾಲದಲ್ಲಿ ಮಾತಿನ ದೃಶ್ಯಗಳು ಸೆಕೆಂಡಿಗೆ 24 ಫ್ರೇಮಿಗೆ ಕಟ್ಟುಬಿದ್ದಿದ್ದವು. ಮಾತಿಲ್ಲದ ಓಟವನ್ನು ಮಾತ್ರ ಕ್ಯಾಮೆರಾ ನಿಧಾನ ಓಡಿಸಿ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿ ಕಾರಿನ ವೇಗ ಹೆಚ್ಚಿಸಬಹುದಿತ್ತು. ಅನುಮಾನ ಬಂದರೆ ಕಾರು ಬಿಟ್ಟು ಅಂಚಿನಲ್ಲಿರುವ ಜನರನ್ನು ನೋಡಿ: ನಡಿಗೆ ಪಟಪಟ ಎಂದರೆ ವೇಗ ಕ್ಯಾಮೆರಾದ್ದು.

ವಾರ್ನರ್ ಕಂಪನಿ 1939ರಲ್ಲಿ ಇದನ್ನೇ ‘ಇಂಡಿಯಾನಾಪೊಲಿಸ್ ಸ್ಪೀಡ್‌ವೇ’ ಎಂದು ಮತ್ತೆ ತೆಗೆದಾಗ ಖರ್ಚು ಉಳಿಸಲು ಹಳೆಯ ಓಟದ ತುಣುಕುಗಳನ್ನು ಬಳಸಿತು. ಸ್ಪಡ್ ಪಾತ್ರಕ್ಕೂ ಅದೇ ಮೆಕ್‌ಹ್ಯೂ. ಒಂದನ್ನೇ ನೋಡುವುದಾದರೆ 1932ರದ್ದು. ಈಗ ಸಿಗುವ ಪ್ರತಿ ಸುಮಾರು 70 ನಿಮಿಷದ್ದು.

ಟಿವಿಯಲ್ಲಿ ಚಕ್ರಗಳು ಮೊಟ್ಟೆಯಾಕಾರ ಕಂಡರೆ ಚಿತ್ರ ಅಗಲಕ್ಕೆ ಎಳೆದಿದೆ ಎಂದರ್ಥ. ಟಿವಿಯ ಅಗಲ-ಎತ್ತರದ ಅನುಪಾತವನ್ನು 4:3ಕ್ಕೆ ಬದಲಿಸಿ, ಎರಡೂ ಬದಿ ಕಪ್ಪು ಪಟ್ಟಿ ಇರಲಿ. ಚಲನೆಯನ್ನು ನಯಗೊಳಿಸುವ ಟಿವಿಯ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಬಾಸ್ (ತಗ್ಗಿನ ದನಿ) ಇಳಿಸದಿದ್ದರೆ ಎಂಜಿನ್ ಗುಡುಗಿನಲ್ಲಿ ಕ್ಯಾಗ್ನಿಯ ವೇಗದ ಮಾತು ಮುಳುಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಶೀಟಿನ ಮಾಡಿನ ಕೆಳಗಾದರೆ ಹೆಡ್‌ಫೋನ್ ಹಾಕಿಕೊಂಡೇ ನೋಡಿ.